ತಣ್ಣಗಿಟ್ಟು ತಂದದ್ದು

ಥರ್ಮಾಕೋಲ್ ಪೆಟ್ಟಿಗೆಯ ಮುಚ್ಚಳ ತೆಗೆದ ನರ್ಸ್ ಸುಲೋಚನಾಳ ಕೈ ಅಲ್ಲೇ ನಿಂತಿತು. ಪುಡಿ ಐಸಿನ ನಡುವೆ ಹಳದಿ ಬಣ್ಣದ ಪ್ಲೇಟ್‌ಲೆಟ್ ಚೀಲ ಹುದುಗಿತ್ತು.

“ಇದಕ್ಕ ಬರ್ಫ್ ಯಾರು ಹಾಕಿದ್ರೀ?”

“ನಾನೇ, ಸಿಸ್ಟರ್,” ಎಂದ ಪ್ರೇಮನಾಥನ ದನಿಯಲ್ಲಿ ಹೆಮ್ಮೆಯಿತ್ತು. ವಾಶಿಯ ಹೋಟೆಲಿನಲ್ಲಿ ಮೀನು ಹುರಿಯುವವನಿಗೆ, ಸೆಕೆಗೆ ಏನೇನು ಹಾಳಾಗುತ್ತದೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಡೆಂಗ್ಯೂ ಬಂದ ಮಗಳು ತನ್ವಿಯ ವಸಡಿನಿಂದ ಬೆಳಗಿನಿಂದ ರಕ್ತ ಒಸರುತ್ತಿತ್ತು. ಚೀಲ ಕೊಟ್ಟ ಬ್ಲಡ್ ಬ್ಯಾಂಕಿನವನು ಹಿಂದಿನಿಂದ ಏನೋ ಕೂಗಿದ್ದ. ನಿಂತು ಕೇಳುವ ವ್ಯವಧಾನ ಇವನಿಗಿರಲಿಲ್ಲ. ನೇರ ಹೋಟೆಲಿಗೆ ಓಡಿ, ಬಂಗುಡೆ ಮೀನಿನ ಪೆಟ್ಟಿಗೆ ತೊಳೆದು, ಐಸ್ ತುಂಬಿಸಿಕೊಂಡು ಆಸ್ಪತ್ರೆಯಿರುವ ಕಳಂಬೋಲಿಯ ಬಸ್ಸು ಹತ್ತಿದ್ದ. ತಣ್ಣಗಿದೆಯೇ ಎಂದು ದಾರಿಯುದ್ದಕ್ಕೂ ಬೆರಳು ತೂರಿಸಿ ನೋಡಿದ್ದ.

ಸುಲೋಚನಾ ಚೀಲ ಮುಟ್ಟಿ ಕಣ್ಣು ಮುಚ್ಚಿದಳು. “ಕೆಂಪು ರಕ್ತ ಆಗಿದ್ರ ತಂಪಿನ್ಯಾಗ ಇಡಬೇಕಿತ್ತು, ಅಣ್ಣಾ. ಇವು ಸೋರೋ ರಕ್ತ ನಿಲ್ಲಸೋ ಕಣ. ಐಸಿನ್ಯಾಗ ಇಟ್ರ ಕೆಟ್ಟು ಹೋಗ್ತಾವ. ಇದನ್ನ ಏರಸಾಕ ಬರಂಗಿಲ್ಲ, ಬ್ಯಾರೆ ತರಬೇಕು.”

“ಅವರ ಹತ್ರ ಇದ್ದದ್ದೇ ಇದೊಂದು, ಸಿಸ್ಟರ್.”

ವಾರ್ಡಿನೊಳಗಿಂದ ಹೆಂಡತಿ ಅಪ್ಪಿ ಕೂಗಿದಳು: “ತಂದ್ರಾ? ಮಗುವಿಗೆ ಮೂಗಿಂದಲೂ ಶುರುವಾಯ್ತು ಮಾರಾಯ್ರೆ!”

ಪ್ರೇಮನಾಥ ಅಂಗಿಯ ಗುಂಡಿ ಕಿತ್ತ. ಚೀಲವನ್ನು ಬರಿ ಎದೆಗೆ ಒತ್ತಿಕೊಂಡು, ಎರಡೂ ಅಂಗೈಗಳಿಂದ ಉಜ್ಜತೊಡಗಿದ.

“ತಂದಿದ್ದೇನೆ,” ಎಂದ. “ಈಗ ಬಿಸಿಯಾಗ್ತದೆ.”