ಗೆಡ್ಡೆಯ ಜಾತಿ

“ಮೈತ್ರೀ! ಏನಿದು, ನಮ್ಮನೆ ತಾರಸಿ ಮೇಲೆ ಈರುಳ್ಳಿ!”

ಕೆಳಮನೆಯ ಓನರ್ ಸೀತಾಲಕ್ಷ್ಮಿ ಹಪ್ಪಳ ಒಣಗಿಸಲು ಬಂದವರು ಮೂಗಿಗೆ ಸೆರಗು ಹಿಡಿದು ನಿಂತಿದ್ದರು. ಅವರೆದುರು ನೀರಿನ ಟ್ಯಾಂಕಿನ ನೆರಳಿನಲ್ಲಿ ಒಂದು ಮೊರ, ಅದರ ತುಂಬ ಗೆಡ್ಡೆಗಳು.

ಮೈತ್ರಿ ಒಗೆದ ಬಟ್ಟೆಯ ಬಕೆಟ್ಟು ಕೆಳಗಿಟ್ಟಳು. ಬೊಮ್ಮನಹಳ್ಳಿಯ ತವರುಮನೆಯ ಹಿತ್ತಲಿಗೆ ಸಿಮೆಂಟು ಹಾಕಿಸುತ್ತಾರೆಂದು ಅವಳ ತಾಯಿ ಕೆಂಪಕ್ಕ ಅಗೆದು ಕಳಿಸಿದ್ದ ಹೂವಿನ ಗೆಡ್ಡೆಗಳು ಅವು. ಮೊದಲ ಮಳೆಗೆ ಕುಂಡದಲ್ಲಿ ಊರೋಣವೆಂದು ಆರಲು ಹರಡಿದ್ದಳು.

“ಈರುಳ್ಳಿ ಅಲ್ಲ ಆಂಟಿ, ಅದು...”

“ನಂಗೆ ಹೇಳ್ಕೊಡ್ಬೇಡ. ಈ ದಪ್ಪಂದು ನಾಸಿಕ್ ಈರುಳ್ಳಿ. ಇದು ಸಾಂಬಾರ್ ಈರುಳ್ಳಿ. ಆ ಮೂಲೇಲಿರೋದು ಬೆಳ್ಳುಳ್ಳಿ. ಮೆಟ್ಲು ಹತ್ತೋವಾಗ್ಲೇ ವಾಸನೆ ಹೊಡೀತು.”

ಗೆಡ್ಡೆಗಳಿಗೆ ಇದ್ದದ್ದು ಬರೀ ಮಣ್ಣಿನ ವಾಸನೆ. ಮೈತ್ರಿಗೆ ನಗು ತಡೆಯಲಾಗಲಿಲ್ಲ. “ಜನ್ಮದಲ್ಲಿ ಈರುಳ್ಳಿ ಮುಟ್ಟಿಲ್ಲ ಅಂತೀರಾ, ಇಷ್ಟೊಂದು ಜಾತಿ ಹೆಂಗೆ ಗೊತ್ತು?”

“ಗಾಡಿಯವನು ದಿನಾ ಮೈಕ್‌ನಲ್ಲಿ ಕೂಗಲ್ವೇನೆ? ಕಿವಿ ಮುಚ್ಕೊಂಡು ಕೂತಿರ್ಲಾ?”

“ಒಂದನ್ನ ಕೈಗೆ ತಗೊಂಡು ನೋಡಿ ಆಂಟಿ.”

“ನಾನು ಮುಟ್ಟೋದಾ? ಸ್ನಾನ ಆಗಿದೆ ನಂದು! ನೋಡಮ್ಮ, ಮಾತು ಅಂದ್ರೆ ಮಾತು. ತಿಂಗಳ ಕೊನೆಗೆ ಖಾಲಿ ಮಾಡ್ಬಿಡಿ.”

ಮೈತ್ರಿಯ ನಗು ನಿಂತಿತು. ಮುಂದಿನ ತಿಂಗಳೇ ಮಗಳು ಶಿಲ್ಪಶ್ರೀಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ. ಯಡಿಯೂರು ಕೆರೆಯ ಹಿಂದಿನ ಈ ಮನೆಯನ್ನು ಹಿಡಿದದ್ದೇ ಸ್ಕೂಲು ಹತ್ತಿರವೆಂದು. ನೋಡಲು ಬಂದ ದಿನ ಸೀತಾಲಕ್ಷ್ಮಿ, “ನೀವು ಯಾವ ಪೈಕಿ?” ಎಂದು ಕೇಳಿದ್ದರು. “ಬೌದ್ಧರು,” ಎಂದಿದ್ದ ಮೈತ್ರಿಯ ಗಂಡ ಪ್ರಸನ್ನ. “ಓ, ಅಹಿಂಸೆಯವರು! ಒಳ್ಳೇದೇ ಆಯ್ತು. ಹಾಗೇ ಈರುಳ್ಳಿ ಬೆಳ್ಳುಳ್ಳೀನೂ ಬೇಡ,” ಎಂದು ಅವರೇ ತೀರ್ಮಾನಿಸಿಬಿಟ್ಟಿದ್ದರು. ಗಂಡ ಹೆಂಡತಿ ತಲೆಯಾಡಿಸಿದ್ದರು. ಅಂದಿನಿಂದ ಮೊಟ್ಟೆ ತಿನ್ನಬೇಕೆಂದರೆ ತಿಲಕ್ ನಗರದ ಹೋಟೆಲು. ಮನೆಯಲ್ಲಿ ಬಸ್ಸಾರು ಕೂಡ ಸಪ್ಪೆ. ಸೀತಾಲಕ್ಷ್ಮಿ ಕೆಟ್ಟವರೇನಲ್ಲ. ಶಿಲ್ಪಶ್ರೀಗೆ ಡೆಂಗಿ ಆದಾಗ ದಿನವೂ ಗಂಜಿ ಕಾಯಿಸಿ ತಂದುಕೊಟ್ಟಿದ್ದರು. ಹೋಟೆಲ್ ಪಾರ್ಸೆಲ್ಲಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ, “ಡಬ್ಬಿ ವಾಪಸ್ ಬೇಡಮ್ಮ” ಎಂದು.

ಒಂದು ಮಾತಿನಲ್ಲಿ ಬಿಡಿಸಿ ಹೇಳಬಹುದಿತ್ತು. ಮೈತ್ರಿ ಹೇಳಲಿಲ್ಲ. ಸದ್ದು ಕೇಳಿ ಮೆಟ್ಟಿಲು ಹಾರಿಕೊಂಡು ಬಂದ ಪ್ರಸನ್ನನೇ ಹೇಳಿದ.

“ಅಯ್ಯೋ ಆಂಟಿ, ಎಲ್ಲಾ ಹೂವಿನ ಗೆಡ್ಡೆ! ದಪ್ಪಂದು ಮೇ ಫ್ಲವರ್, ಕೆಂಪು ಚೆಂಡಿನ ತರ ಬಿಡತ್ತೆ. ಸಣ್ಣವು ಮಳೆ ಲಿಲ್ಲಿ. ನೀವು ಬೆಳ್ಳುಳ್ಳಿ ಅಂದ್ಕೊಂಡಿರೋದು ಸುಗಂಧರಾಜ!”

ಸೀತಾಲಕ್ಷ್ಮಿಯವರ ಸೆರಗು ಮೂಗಿನಿಂದ ಕೆಳಗಿಳಿಯಿತು. “ಸುಗಂಧರಾಜವಾ? ಬಾಯಿ ಬಿಟ್ಟು ಹೇಳ್ಬಾರ್ದೇನೆ ಮೈತ್ರಿ? ಹೂವಾದ್ರೆ ನಂದೇನು ಅಭ್ಯಂತರ! ಇರಿ, ಎಷ್ಟು ವರ್ಷ ಬೇಕಾದ್ರೂ ಇರಿ. ನಂಗೂ ಎರಡು ಕೊಡಮ್ಮ, ದೇವರಿಗಾಗತ್ತೆ.”

“ಎರಡ್ಯಾಕೆ ಆಂಟಿ, ಬೇಕಾದಷ್ಟು ತಗೊಳಿ,” ಎಂದ ಪ್ರಸನ್ನ. ಅವರು ಬರಿಗೈಯಲ್ಲೇ ಮೊರ ಕೆದಕಿ, ದಪ್ಪ ದಪ್ಪನೆಯವನ್ನು ಆರಿಸಿ ಮಡಿಲಿಗೆ ಹಾಕಿಕೊಂಡು ಇಳಿದುಹೋದರು.

“ಅಬ್ಬಾ, ಬಚಾವಾದ್ವಿ,” ಎಂದು ಪ್ರಸನ್ನ ಟ್ಯಾಂಕಿಗೆ ಒರಗಿದ.

“ಹೂವಾದ್ರೆ ಇರಬಹುದು. ಈರುಳ್ಳಿ ಆಗಿದ್ರೆ ಹೋಗ್ಬೇಕಿತ್ತು.”

“ಆಗಿರ್ಲಿಲ್ವಲ್ಲ, ಬಿಡೇ.”

“ಗೆಡ್ಡೆ ಹೂವಿಂದು ಕಣ್ರೀ. ನಾವು ಈರುಳ್ಳಿಯೋರೇ ಅಲ್ವಾ?”

ಪ್ರಸನ್ನ ಅವಳ ಮುಖ ನೋಡಿದ. ಅವನಿಗೆ ಹೆದರಿಕೆಯಾಯಿತು. “ತಾಯಿ, ನಿಂಗೆ ಕೈ ಮುಗೀತೀನಿ. ಮಗೂದು ಪರೀಕ್ಷೆ ಒಂದು ಮುಗೀಲಿ.”

“ಆಮೇಲೆ ಪಿಯುಸಿ ಅಂತೀರಿ. ನಮ್ಮಮ್ಮ ಬಂದಾಗೆಲ್ಲ ಈ ಮನೆ ಸಪ್ಪೆ ಉಪ್ಪಿಟ್ಟು ತಿಂದು, ಏನೂ ಅನ್ನದೆ ಎದ್ದು ಹೋಗ್ತಾಳೆ. ಮಗಳು ಎದುರಿಗೇ ಕೂತು ನೋಡ್ತಿರ್ತಾಳೆ. ಅವಳು ಅದನ್ನೂ ಕಲೀತಿದಾಳೆ ಕಣ್ರೀ, ಪರೀಕ್ಷೆಗೆ ಬರ್ದೇ ಇರೋ ಪಾಠ.”

ಸಂಜೆ ಕೆಲಸ ಮುಗಿಸಿ ಬರುವಾಗ ಮೈತ್ರಿಯ ಕೈಯಲ್ಲಿ ಒಂದು ಬಲೆಚೀಲವಿತ್ತು. ಒಳಗಿದ್ದದ್ದು ಇಡೀ ಬೀದಿಗೆ ಕಾಣುತ್ತಿತ್ತು. ಅವಳು ಅಡುಗೆಮನೆಯ ಕಿಟಕಿಯನ್ನು ಅಗಲಕ್ಕೆ ತೆರೆದಿಟ್ಟು ಬಾಣಲೆ ಕಾಯಿಸಿದಳು. ಒಗ್ಗರಣೆಯ ಚುಂಯ್ ಸದ್ದಿಗೆ ಶಿಲ್ಪಶ್ರೀ ಗಣಿತದ ಪುಸ್ತಕ ಹಿಡಿದೇ ಓಡಿಬಂದಳು.

“ಅಮ್ಮಾ, ಸಖತ್ತಾಗಿದೆ ಘಮ! ಆದ್ರೆ... ಕೆಳಗಡೆ ಆಂಟಿ?”

“ನೀನು ಓದ್ಕೋ ಹೋಗು.”

ಈರುಳ್ಳಿ ಕೆಂಪಗಾಗುವ ಮೊದಲೇ ಕರೆಗಂಟೆ ಸದ್ದಾಯಿತು. ಎದ್ದುಹೊರಟ ಪ್ರಸನ್ನನನ್ನು ಮೈತ್ರಿ ಕಣ್ಣಿನಲ್ಲೇ ಕೂರಿಸಿದಳು. ಸೌಟು ಹಿಡಿದುಕೊಂಡೇ ಹೋಗಿ ಚಿಲಕ ತೆಗೆದಳು.

ಸೀತಾಲಕ್ಷ್ಮಿ ಏದುಸಿರು ಬಿಡುತ್ತಿದ್ದರು. ದನಿಯಲ್ಲಿ ಸಿಟ್ಟಿಗಿಂತ ಕೋರಿಕೆಯೇ ಹೆಚ್ಚಿತ್ತು. “ಆ ಹೂವಿನ ಗೆಡ್ಡೆ ಯಾವುದೋ ಸುಟ್ಟುಹೋಯ್ತೇನೋ, ಅಲ್ವೇನಮ್ಮ?”

ಮೈತ್ರಿ ಬಾಗಿಲನ್ನು ಗೋಡೆಗೆ ತಾಗುವಷ್ಟು ತೆರೆದಳು.

“ಅಲ್ಲ ಆಂಟಿ. ಈರುಳ್ಳಿ.”