ಗೆಣ್ಣಿನ ಮೇಲಿನ ಪತಂಗ

"ಅಲ್ಲಾಡ್ಬೇಡ ಅಕ್ಕ," ಎಂದವನೇ ತಮ್ಮ ಅವಳ ಕೈ ಹಿಡಿದುಕೊಂಡು ಭೂತಗನ್ನಡಿಯನ್ನು ಕಣ್ಣಿನ ಹತ್ತಿರ ತಂದ. ಅವಳ ಬೆರಳ ಗೆಣ್ಣಿನ ಬೆವರು ಹೀರಲು ಒಂದು ಪತಂಗ ಬಂದು ಕೂತಿತ್ತು. ಕಪ್ಪು ರೆಕ್ಕೆ, ಬಿಳಿ ಚುಕ್ಕೆ. ಕಾಡಿನ ದಾರಿಯುದ್ದಕ್ಕೂ ಹಗಲಲ್ಲಿ ಹಾರುವ ಪತಂಗಗಳನ್ನು ಗುರುತಿಸಿ ಪಟ್ಟಿ ಮಾಡುವುದು ಅವನ ಕೆಲಸ. ಎರಡು ತಿಂಗಳ ಮಟ್ಟಿಗಾದರೂ ಅಮ್ಮನನ್ನು ನಿನ್ನ ಮನೆಯಲ್ಲಿ ಇಟ್ಟುಕೋ ಎಂದು ಕೇಳಲು ಅವಳು ಅಲ್ಲಿಗೇ ಹುಡುಕಿಕೊಂಡು ಬಂದಿದ್ದಳು. ಪಟ್ಟಿ ಮುಗಿಯಲಿ, ನೋಡೋಣ ಎಂದು ಅವನು ಆಗಷ್ಟೇ ಮಾತು ತೇಲಿಸಿದ್ದ.

"ಒಂದು ಚಿಟ್ಟೆಗೆ ಇಷ್ಟೊಂದು ಉಪಚಾರವೇನೋ?"

"ಚಿಟ್ಟೆಯಾದ್ರೆ ಮೀಸೆ ತುದೀಲಿ ಗುಂಡು ಇರತ್ತೆ. ಇದರದ್ದು ಬಾಚಣಿಗೆ ಥರ ಇದೆ. ಪತಂಗವೇ."

ಗಾಜು ಮೀಸೆಯಿಂದ ಕಾಲಿಗೆ, ಕಾಲಿನಿಂದ ಅದು ಊರಿದ್ದ ಚರ್ಮಕ್ಕೆ ಇಳಿಯಿತು. ಹತ್ತು ಪಟ್ಟು ಹಿಗ್ಗಿ ಕಂಡ ಆ ಚರ್ಮದ ತುಂಬ ಬಿರುಕುಗಳಿದ್ದವು. ಒಂದೆರಡರಲ್ಲಿ ರಕ್ತ ಒಣಗಿ ನಿಂತಿತ್ತು.

"ಕೈ ಯಾಕೆ ಹೀಗಾಗಿದೆ?"

"ಅಮ್ಮನ ಬಟ್ಟೆ, ಹಾಸಿಗೆ ಬಟ್ಟೆ ಅಂತ ದಿನಕ್ಕೆ ಐದಾರು ಸಲ ಒಗೀಬೇಕಲ್ಲ. ಸೋಪು, ಫಿನಾಯಿಲು. ನೀನು ನಿನ್ನ ಚಿಟ್ಟೆ ನೋಡಪ್ಪ."

ಪತಂಗ ಹಾರಿಹೋಯಿತು. ಅದು ಯಾವ ಕಡೆ ಹೋಯಿತೆಂದು ಅವನು ತಲೆ ಎತ್ತಿ ನೋಡಲಿಲ್ಲ. ಅಕ್ಕನ ಕೈಯನ್ನು ಬಿಡದೆ, ಭೂತಗನ್ನಡಿಯನ್ನು ಪಕ್ಕಕ್ಕಿಟ್ಟು, ತೊಡೆಯ ಮೇಲಿದ್ದ ಪಟ್ಟಿಯ ಪುಸ್ತಕದಲ್ಲಿ ಖಾಲಿ ಹಾಳೆಯೊಂದನ್ನು ತೆರೆದ.

"ಅಮ್ಮಂಗೆ ಬೆಳಗ್ಗೆ ಯಾವ ಮಾತ್ರೆ ಮೊದಲು?" ಎಂದ. "ನಿಧಾನಕ್ಕೆ ಹೇಳು, ಬರ್ಕೋತೀನಿ."