ಬಾವಿ ಪಕ್ಕದ ನಾಯಿ

“ನಿನಗೆ ಇವತ್ತು ಜ್ವರ ಅಲ್ವೇನೇ?” ಇಂಗ್ಲಿಷ್ ಮೇಷ್ಟ್ರು ಹುಡುಗಿಯನ್ನು ತರಗತಿಯ ಬಾಗಿಲಲ್ಲೇ ಅಡ್ಡಗಟ್ಟಿದರು.

“ಇಲ್ಲ ಸರ್.”

“ಮನೇಲೇ ಇರು, ಜ್ವರ ಅಂತ ನಾನು ಬರ್ಕೊಳ್ತೀನಿ ಅಂತ ನಿನ್ನೆ ಅಷ್ಟು ಬಡ್ಕೊಂಡೆನಲ್ಲ!”

“ಅಮ್ಮ ಹಣೆ ಮುಟ್ಟಿ ನೋಡಿದ್ರು ಸರ್. ತಣ್ಣಗಿದೆ, ನಡಿ ಸ್ಕೂಲಿಗೆ ಅಂದ್ರು.”

ಮೇಷ್ಟ್ರಿಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಪರೀಕ್ಷೆಯ ದಿನವೇ ಈ ಹುಡುಗಿಯ ಹಣೆ ತಣ್ಣಗಿರಬೇಕೆ? ಹೊರಗಿನಿಂದ ಬಂದ ಪರೀಕ್ಷಕಿ ಆಗಲೇ ಹೆಡ್‌ಮಾಸ್ಟರ ಕೋಣೆಯಲ್ಲಿ ಕೂತಿದ್ದರು. ಪ್ರತಿ ಮಗುವೂ ಆಕೆಯ ಮುಂದೆ ಒಂದು ಇಂಗ್ಲಿಷ್ ಹಾಳೆಯನ್ನು ಗಟ್ಟಿಯಾಗಿ ಓದಬೇಕು, ಆಮೇಲೆ ಒಂದು ಪ್ರಶ್ನೆಗೆ ಉತ್ತರ ಬರೆಯಬೇಕು. ಒಂದೇ ಒಂದು ಮಗು ಫೇಲಾದರೂ ಮೇಷ್ಟ್ರ ಕೆಲಸ ಕಾಯಂ ಆಗುವುದಿಲ್ಲ. ಕಾಯಂ ಆಗದಿದ್ದರೆ ಈ ತಿಂಗಳಿಗೇ ಮನೆಗೆ.

ಬೆಳಿಗ್ಗೆ ಹೆಂಡತಿ ಕೂಸನ್ನು ಸೊಂಟಕ್ಕೇರಿಸಿಕೊಂಡು ಬಾಗಿಲ ತನಕ ಬಂದಿದ್ದಳು. “ಮತ್ತೆ ನಮ್ಮಪ್ಪನ ಮನೇಲಿ ಬಿದ್ದಿರೋಕೆ ನನ್ನ ಕೈಲಿ ಆಗಲ್ಲ ಕಣ್ರೀ” ಅಂದಿದ್ದಳು. ಮಾವನವರು ಊಟಕ್ಕೆ ಕಡಿಮೆ ಮಾಡಿದವರಲ್ಲ. ಆದರೆ ತುತ್ತಿಗೊಂದು ಚುಚ್ಚುಮಾತನ್ನೂ ಬಡಿಸುತ್ತಿದ್ದರು.

ಹುಡುಗಿಗೆ ‘ಬಿಕ್ಕಳಿಕೆ’ ಎಂದು ಹೆಸರಿಟ್ಟವರು ಮೇಷ್ಟ್ರೇ. ಅವಳು ಓದುತ್ತಿದ್ದುದೇ ಹಾಗೆ. ಪದದ ಕೆಳಗೆ ಬೆರಳಿಡುವಳು, ನಿಲ್ಲುವಳು, ತಡವರಿಸುವಳು, ಆಮೇಲೆ ಮುಂದಿನ ಪದ. ಬಾಯಿಪಾಠ ಅವಳ ತಲೆಗೆ ಹತ್ತುತ್ತಲೇ ಇರಲಿಲ್ಲ. ನೂರು ಸಲ ಓದಿಸಿದ್ದನ್ನೂ ಮೊದಲ ಸಲ ಕಂಡವಳಂತೆ ಓದುತ್ತಿದ್ದಳು. ಉಳಿದ ಮಕ್ಕಳ ಮಾತೇ ಬೇರೆ. ವರ್ಷ ವರ್ಷವೂ ಪರೀಕ್ಷೆಗೆ ಬರುತ್ತಿದ್ದುದು ಒಂದೇ ಹಾಳೆ: ಮೇಲೆ ಬಾವಿಯ ಚಿತ್ರ, ಪಕ್ಕದಲ್ಲೊಂದು ನಾಯಿ, ಕೆಳಗೆ ನಾಯಿ ಬಾವಿಗೆ ಬಿದ್ದ ಕಥೆ. ಮೇಷ್ಟ್ರು ಅದನ್ನೇ ಮಕ್ಕಳಿಗೆ ಅರೆದು ಕುಡಿಸಿದ್ದರು.

“ಹೋಗು, ಮೂಲೇಲಿ ಕೂತ್ಕೋ” ಎಂದರು. ಕೊನೆಗೆ ಕರೆದರೆ ಪರೀಕ್ಷಕಿಗೆ ಅಷ್ಟರಲ್ಲಿ ಹಸಿವಾದರೂ ಆಗಿರುತ್ತದೆ ಎಂಬ ಆಸೆ.

ಪರೀಕ್ಷಕಿ ಬಂದರು. ದಪ್ಪ ಕನ್ನಡಕ, ನಗುವಿಲ್ಲದ ಮುಖ. ಹಾಳೆಗಳ ಕಟ್ಟನ್ನು ಮೇಷ್ಟ್ರ ಕೈಗಿತ್ತರು. “ನೀವೇ ಹಂಚಿಬಿಡಿ ಮೇಷ್ಟ್ರೇ. ನಾನು ಇಲ್ಲೇ ಕೂತು ಕೇಳಿಸ್ಕೊಳ್ತೀನಿ.”

ಎಲ್ಲಿ ಹಾಳೆ ಬದಲಾಗಿಬಿಡುತ್ತದೋ ಎಂದು ಮೇಷ್ಟ್ರು ವಾರದಿಂದ ಸರಿಯಾಗಿ ಉಂಡಿರಲಿಲ್ಲ. ಅವಸರವಸರವಾಗಿ ಕಟ್ಟು ಬಿಚ್ಚಿದರು. ಬಾವಿ. ನಾಯಿ. ಅಬ್ಬಾ! ಹೋದ ಜೀವ ಬಂದಂತಾಯಿತು. ಬೆಂಚಿನಿಂದ ಬೆಂಚಿಗೆ ಓಡಾಡಿ ಸರಸರನೆ ಹಂಚಿದರು.

ಮಕ್ಕಳು ಒಬ್ಬೊಬ್ಬರಾಗಿ ಎದ್ದು ನಿಂತರು. ನಾಯಿ ಬಾವಿಗೆ ಬಿತ್ತು, ಜನ ಹಗ್ಗ ಬಿಟ್ಟರು, ನಾಯಿಯನ್ನು ಮೇಲೆತ್ತಿದರು. ಒಬ್ಬರೂ ಎಡವಲಿಲ್ಲ. ‘ರೈಲು’ ಎಂಬ ಹುಡುಗನಂತೂ ಚಾವಣಿಯ ಫ್ಯಾನ್ ನೋಡುತ್ತಾ ಒಂದೇ ಉಸಿರಿಗೆ ಮುಗಿಸಿದ. ಹಾಳೆ ನೋಡೋ ಎಂದು ಮೇಷ್ಟ್ರು ಕಣ್ಣಲ್ಲೇ ಗದರಿದರು. ಪರೀಕ್ಷಕಿಯ ಕೆಂಪು ಪೆನ್ಸಿಲ್ ಮಾತ್ರ ಮಾತಿಲ್ಲದೆ ಓಡುತ್ತಿತ್ತು.

ಪರೀಕ್ಷಕಿಗೆ ಹಸಿವಾಗಲಿಲ್ಲ. ಬಿಕ್ಕಳಿಕೆಯ ಸರದಿ ಬಂದೇಬಂತು.

ಹುಡುಗಿ ಎದ್ದಳು. ಹಾಳೆ ನೋಡಿದಳು, ಮೇಷ್ಟ್ರ ಮುಖ ನೋಡಿದಳು. “ಸರ್, ಇದರಲ್ಲಿ…”

“ಬಾಯಿ ಮುಚ್ಕೊಂಡು ಓದು!”

ತರಗತಿ ಕಿಸಕ್ಕೆಂದಿತು. ಹುಡುಗಿ ಬೆರಳಿಟ್ಟಳು. “ದ… ಡಾಗ್… ಸ್ಯಾಟ್… ಬೈ… ದ ವೆಲ್.”

ಅಯ್ಯೋ ನನ್ನ ಕರ್ಮವೇ, ಬಾವಿಗೆ ಬೀಳಬೇಕಾದ ನಾಯಿಯನ್ನು ಪಕ್ಕದಲ್ಲಿ ಕೂರಿಸಿಬಿಟ್ಟಳಲ್ಲ! ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಆ ಬಿಕ್ಕು ಬಿಕ್ಕು ಓದು ಮುಗಿಯುವಷ್ಟರಲ್ಲಿ ಅವರ ಅಂಗಿ ಬೆನ್ನಿಗೆ ಅಂಟಿತ್ತು.

“ಕೊನೆಗೆ ನಾಯಿ ಏನು ಮಾಡ್ತು? ಇಂಗ್ಲಿಷಲ್ಲಿ ಒಂದು ಸಾಲು ಬರೀರಿ” ಎಂದರು ಪರೀಕ್ಷಕಿ. ಮೇಷ್ಟ್ರು ಮೆಲ್ಲಗೆ ಮೂಲೆಯ ಬೆಂಚಿನ ಹಿಂದೆ ಹೋಗಿ ಬಗ್ಗಿ ನೋಡಿದರು. ನಾಯಿ ತನ್ನ ಮರಿಯ ಜೊತೆ ಮನೆಗೆ ಹೋಯಿತು ಎಂದು ಹುಡುಗಿ ಬರೆದಿದ್ದಳು. ಮರಿಯಂತೆ ಮರಿ! ಈ ಕಥೆಗೆ ಮರಿ ಎಲ್ಲಿಂದ ಬಂತು? ಹಗ್ಗದ ಸುದ್ದಿಯೇ ಇಲ್ಲ. ಮಾವನ ಮನೆಯ ಅಡುಗೆಮನೆ ಕಣ್ಣ ಮುಂದೆ ಬಂತು, ತಟ್ಟೆಯ ಮುಂದೆ ತಲೆ ತಗ್ಗಿಸಿ ಕೂತ ಹೆಂಡತಿಯೂ ಕಂಡಳು.

ಮಕ್ಕಳನ್ನು ಹೊರಗೆ ಕಳಿಸಿದ್ದೇ ತಡ, ಮೇಷ್ಟ್ರು ಮೇಜಿನ ಮುಂದೆ ಕೈಮುಗಿದು ನಿಂತರು. ಮಾನ ಮರ್ಯಾದೆ ನೋಡುವ ಹೊತ್ತಲ್ಲ.

“ಮೇಡಂ, ನಿಮ್ಮ ಕಾಲಿಗೆ ಬೀಳ್ತೀನಿ. ಆ ಒಂದು ಹುಡುಗೀನ ಬಿಟ್ಟುಬಿಡಿ. ಮೈ ಹುಷಾರಿಲ್ಲ ಅವಳಿಗೆ. ಇವತ್ತು ಬಂದೇ ಇಲ್ಲ ಅಂತ ಬರ್ಕೊಳ್ಳಿ.”

ಪರೀಕ್ಷಕಿ ತಲೆ ಎತ್ತಿದರು. “ಬಂದಿಲ್ಲ ಅಂತ ಬರ್ಕೊಳ್ಳೋದಾ?”

“ಮನೇಲಿ ಎಳೇ ಮಗು ಇದೆ ಮೇಡಂ. ಅವಳೊಬ್ಬಳಿಂದ ನನ್ನ ಸಂಸಾರ ಬೀದಿಗೆ ಬರುತ್ತೆ.”

“ಅವಳು ಬಂದಿಲ್ಲ ಅಂತ ಬರೆದ್ರೆ, ನಿಮ್ಮ ತರಗತೀಲಿ ಪಾಸಾದವರು ಒಬ್ಬರೂ ಉಳಿಯಲ್ಲವಲ್ಲ ಮೇಷ್ಟ್ರೇ.”

“ಉಳಿದವರೆಲ್ಲ ಒಂದೂ ತಪ್ಪಿಲ್ಲದೆ ಓದಿದ್ರಲ್ಲ ಮೇಡಂ!”

“ಈ ಸಲ ಚಿತ್ರ ಹಳೇದೇ ಇಟ್ಟು ಕಥೆ ಬದಲಾಯಿಸಿದ್ವಿ” ಎಂದರು ಪರೀಕ್ಷಕಿ. ಮೇಜಿನ ಮೇಲಿದ್ದ ಹಾಳೆಯೊಂದನ್ನು ಅವರತ್ತ ತಳ್ಳಿದರು. “ಇಷ್ಟೂ ಮಕ್ಕಳಿಗೆ ನಿಮ್ಮ ಕೈಯಾರೆ ಹಂಚಿದ್ರಿ. ಒಂದು ಸಲ ಓದಿ ನೋಡಲಿಲ್ವಾ? ಈಗ ಓದಿ, ಕೇಳ್ತೀನಿ.”

ಮೇಷ್ಟ್ರು ಹಾಳೆ ಕೈಗೆತ್ತಿಕೊಂಡು, ಮೊದಲ ಪದದ ಕೆಳಗೆ ಬೆರಳಿಟ್ಟರು.